ಇಳಿದಷ್ಟೇ ಏರಬೇಕು

ಗಂಡಸಿನ ಕೈಗೆ ಸ್ಪ್ಯಾನರ್ ಹಿಡಿಸಬೇಕಾದರೆ ಕೆಲಸ ಕಲಿಸಬೇಕಾಗಿಲ್ಲ. "ಇದು ನಿಮ್ಮ ಕೈಲಿ ಆಗೋದಲ್ಲ ಬಿಡಿ" ಎಂದು ನಗುತ್ತಾ ಒಂದು ಮಾತು ಹೇಳಿದರೆ ಸಾಕು. ಬೈಗುಳವನ್ನಾದರೆ ಊಟದ ಹೊತ್ತಿಗೆ ಮರೆಯುತ್ತಾನೆ. ಈ ಮಾತನ್ನು ಮಾತ್ರ ಮನೆಯವರೆಗೂ ಹೊತ್ತುಕೊಂಡು ಬಂದು, ಚಾಪೆ ಹಾಸಿ, ಲಾರಿಯ ಕೆಳಗೆ ಮಲಗುತ್ತಾನೆ.

ಆ ಶನಿವಾರ ಟೇಪಣ್ಣ ಮಲಗಿದ್ದು ಹಾಗೆಯೇ.

ಟೇಪಣ್ಣ ಪರದೆ ಅಂಗಡಿಯಲ್ಲಿ ಅಳತೆ ತೆಗೆಯುವವನು. ಅವನ ಜೇಬಿನಲ್ಲಿ ದುಡ್ಡು ಇಲ್ಲದ ದಿನಗಳುಂಟು, ಟೇಪು ಇಲ್ಲದ ದಿನ ಇಲ್ಲ. ಮಾವನ ಮನೆಗೆ ಮೊದಲ ಸಲ ಹೋದಾಗ ಕುಳಿತುಕೊಳ್ಳುವ ಮೊದಲೇ ಅವರ ಕಿಟಕಿ ಅಳೆದು, "ಪರದೆ ನಾಲ್ಕು ಬೆರಳು ಗಿಡ್ಡ" ಎಂದು ಹೇಳಿದ್ದನ್ನು ಅವನ ಅತ್ತೆ ಈಗಲೂ ಬಂದವರಿಗೆಲ್ಲ ಹೇಳಿ ನಗುತ್ತಾರೆ. ಬೀದಿಯವರು ಅವನ ನಿಜವಾದ ಹೆಸರನ್ನು ಮರೆತು ಎಷ್ಟೋ ಕಾಲವಾಯಿತು. ಅವನಿಗೂ ಬೇಸರವಿಲ್ಲ. ಅಳತೆ ತಪ್ಪದವನು ಬದುಕಿನಲ್ಲಿ ಎಲ್ಲೂ ತಪ್ಪುವುದಿಲ್ಲ ಎಂಬುದು ಅವನ ನಂಬಿಕೆ. ಆ ಶನಿವಾರದವರೆಗೆ ಅದಕ್ಕೆ ವಿರುದ್ಧ ಸಾಕ್ಷಿಯೂ ಸಿಕ್ಕಿರಲಿಲ್ಲ.

ಲಾರಿ ಅವನದಲ್ಲ, ಹೆಂಡತಿಯದು. ಅವಳು ಮರಗೆಲಸದವಳು. ಅಪ್ಪನ ಕಾಲದ ಕಾರ್ಖಾನೆಯನ್ನು ತಾನೇ ನಡೆಸುತ್ತಿದ್ದಳು. ಎಡಮೊಣಕಾಲು ಕ್ಲಚ್ ತುಳಿಯಲು ಒಪ್ಪದ ಕಾರಣ, ಹುಡುಕಿ ಹುಡುಕಿ ಕ್ಲಚ್ಚೇ ಇಲ್ಲದ, ಗೇರು ತಾನಾಗಿಯೇ ಬದಲಾಗುವ ಪುಟ್ಟ ಲಾರಿಯೊಂದನ್ನು ತಂದಿದ್ದಳು. ಇಷ್ಟು ದಿನ ಅದರಲ್ಲಿ ಹೋಗುತ್ತಿದ್ದದ್ದು ಸ್ಟೂಲು, ಬೆಂಚು, ಯಾರದೋ ಕುರ್ಚಿಯ ಮುರಿದ ಕಾಲು. ಈಗ ಮೊದಲ ಬಾರಿಗೆ ದೊಡ್ಡ ಕೆಲಸ ಸಿಕ್ಕಿತ್ತು. ದಿಬ್ಬದ ಮೇಲೆ ಕಟ್ಟಿದ ಹೊಸ ಗ್ರಂಥಾಲಯಕ್ಕೆ ಪುಸ್ತಕದ ಕಪಾಟುಗಳು. ಹೆಂಗಸು ಮಾಡಿದ ಕಪಾಟು ಪುಸ್ತಕದ ಭಾರ ತಡೆದೀತೇ ಎಂದು ಸಮಿತಿಯವರಿಗೆ ಅನುಮಾನ. ಬಂದು ಒಬ್ಬೊಬ್ಬರಾಗಿ ಕಪಾಟಿನ ಮೇಲೆ ಹತ್ತಿ ಕುಣಿದು ನೋಡಿದ್ದರು. ಕಪಾಟು ತಡೆಯಿತು. ಸಮಿತಿಯ ಅಧ್ಯಕ್ಷರು ಇಳಿಯುವಾಗ ಕಾಲು ಉಳುಕಿಸಿಕೊಂಡರು, ಅಷ್ಟೇ.

ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆರೆಯುತ್ತದೆ. ಅಷ್ಟರೊಳಗೆ ಕಪಾಟುಗಳು ಮೇಲಿರಬೇಕು. ಇಲ್ಲದಿದ್ದರೆ ಇನ್ನೊಂದು ಕೆಲಸ ಅವಳ ಕಡೆ ತಿರುಗಿಯೂ ನೋಡುವುದಿಲ್ಲ. ಲಾರಿಯೋ, ಒಂದು ವಾರದಿಂದ ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಬಿಕ್ಕಳಿಕೆ ಬಂದವರಂತೆ ಎಗರುತ್ತಿತ್ತು. ಭಾರ ಹೊತ್ತು ದಿಬ್ಬ ಏರುವಾಗ ಬಿಕ್ಕಿದರೆ ಕಪಾಟುಗಳೆಲ್ಲ ಹಿಂದಿನಿಂದ ಇಳಿದು ತಾವೇ ಮನೆಗೆ ನಡೆದುಕೊಂಡು ಬರುತ್ತವೆ.

"ಶೋರೂಮಿಗೆ ಬಿಟ್ಟು ಬನ್ನಿ. ಸಂಜೆ ಐದಕ್ಕೆ ನಾನು ಮನೆಗೆ ಬಂದು ತಗೊಂಡು ಹೋಗ್ತೀನಿ. ದಾರೀಲಿ ಯಾರ ಕಿಟಕೀನೂ ಅಳೀಬೇಡಿ," ಎಂದು ಹೇಳಿ ಹೆಂಡತಿ ಬೆಳಿಗ್ಗೆಯೇ ಕಾರ್ಖಾನೆಗೆ ಹೋದಳು.

ಶೋರೂಮಿನಲ್ಲಿ ಮೆತ್ತನೆಯ ಸೋಫಾ, ಅದರೆದುರು ಗಾಜಿನ ಗೋಡೆ. ಗೋಡೆಯಾಚೆ ಲಾರಿಗಳು ಹೊಟ್ಟೆ ತೋರಿಸಿಕೊಂಡು ಮೇಲಕ್ಕೆದ್ದು ನಿಂತಿದ್ದವು. ಸರ್ವಿಸ್ ಇನ್‌ಚಾರ್ಜ್ ಎಂಬಾತ ಲಾರಿಯನ್ನು ಒಂದು ಸುತ್ತು ಓಡಿಸಿ ಬಂದು, "ಗೇರ್ ಎಣ್ಣೆ ಹಳೇದಾಗಿದೆ ಸಾರ್. ಬದಲಾಯಿಸಿದ್ರೆ ಸರಿಹೋಗುತ್ತೆ. ನಾಲ್ಕು ಗಂಟೆಗೆ ರೆಡಿ," ಎಂದ.

"ಸರಿ. ನಾನು ಪಕ್ಕದಲ್ಲೇ ನಿಂತು ನೋಡ್ತೀನಿ."

"ಕಸ್ಟಮರನ್ನ ಒಳಗೆ ಬಿಡಲ್ಲ ಸಾರ್. ಇಲ್ಲೇ ಕೂತ್ಕೊಳ್ಳಿ, ಟೀ ಬರುತ್ತೆ."

"ಎಣ್ಣೆ ಇಳಿಸೋದು, ಎಣ್ಣೆ ಹಾಕೋದು. ಅದರಲ್ಲಿ ನೋಡಬಾರದ್ದು ಏನಪ್ಪಾ ಇದೆ?"

"ನೋಡಬಾರದ್ದು ಏನೂ ಇಲ್ಲ. ನೋಡಿದ್ರೆ ನಿಮಗೇನು ತಿಳಿಯುತ್ತೆ ಅಂತ. ಪರದೆ ಅಂಗಡಿಯವರಲ್ವಾ ನೀವು? ನಮ್ಮನೆಗೂ ಬಂದಿದ್ರಿ. ಪರದೆ ಚೆನ್ನಾಗಿದೆ ಸಾರ್."

ಪರದೆ ಚೆನ್ನಾಗಿದೆ ಎಂಬುದು ಹೊಗಳಿಕೆಯೇ. ಆದರೆ ಹೊಗಳಿಕೆಯನ್ನು ತಪ್ಪು ಜಾಗದಲ್ಲಿ ಇಟ್ಟರೆ ಚಪ್ಪಲಿಯೊಳಗಿನ ಕಲ್ಲಾಗುತ್ತದೆ. ಟೇಪಣ್ಣ ಸೋಫಾದಿಂದ ಎದ್ದ. "ಕೀ ಕೊಡಿ. ಈ ಕೆಲಸ ನಾನು ಮನೇಲೇ ಮಾಡ್ಕೋತೀನಿ."

ಇನ್‌ಚಾರ್ಜ್ ನಕ್ಕ. ಪಕ್ಕದಲ್ಲಿದ್ದ ಟೀ ತರುವವನೂ ನಕ್ಕ. "ಇದು ಆಟೋಮ್ಯಾಟಿಕ್ ಸಾರ್. ಕ್ಲಚ್ ಮಾಡೋ ಕೆಲಸಾನೂ ಇದರಲ್ಲಿ ಆ ಎಣ್ಣೇನೇ ಮಾಡೋದು. ಒಂದು ಲೋಟ ಜಾಸ್ತಿಯಾದ್ರೂ ಕಷ್ಟ, ಕಮ್ಮಿಯಾದ್ರೂ ಕಷ್ಟ. ಎಷ್ಟು ಇಳಿಯುತ್ತೋ ಅಷ್ಟೇ ಹಾಕ್ಬೇಕು. ಅಲ್ದೆ—"

'ಅಲ್ದೆ'ಯ ಮುಂದಿನದನ್ನು ಕೇಳಲು ಟೇಪಣ್ಣ ಅಲ್ಲಿರಲಿಲ್ಲ. ಎಷ್ಟು ಇಳಿಯಿತೋ ಅಷ್ಟು! ಇಡೀ ವಿದ್ಯೆ ಇಷ್ಟೇ ಆದರೆ ಇದಕ್ಕೆ ಗಾಜಿನ ಗೋಡೆ ಏಕೆ, ಸೋಫಾ ಏಕೆ? ಇದು ಅಳತೆಯ ಕೆಲಸ. ಅಳತೆಯ ಕೆಲಸ ಟೇಪಣ್ಣನಿಗೆ ಬರುವುದಿಲ್ಲ ಎನ್ನುವ ಗಂಡು ಇನ್ನೂ ಹುಟ್ಟಬೇಕು.

ದಾರಿಯಲ್ಲಿ ಬಿಡಿಭಾಗದ ಅಂಗಡಿಯಲ್ಲಿ ಗೇರ್ ಎಣ್ಣೆಯ ಎರಡು ದೊಡ್ಡ ಡಬ್ಬ, ಒಂದು ಲಾಳಿಕೆ, ಒಂದು ಸ್ಪ್ಯಾನರ್ ಸೆಟ್ಟು ಕೊಂಡ. ಅಂಗಡಿಯವನು ಮುಚ್ಚಳ ತೆಗೆದು ತೋರಿಸಿದ. ಎಣ್ಣೆ ದಾಳಿಂಬೆ ರಸದಂತೆ ಕೆಂಪಗೆ ಹೊಳೆಯುತ್ತಿತ್ತು.

ಮನೆಯ ಮುಂದೆ ಲಾರಿ ನಿಂತಾಗ ಅತ್ತೆ ಜಗಲಿಯ ಮೇಲೆ ಕುಳಿತಿದ್ದರು. "ಯಾಕೆ ಅಳಿಯಂದ್ರೇ, ಶೋರೂಮು ಮುಚ್ಚಿತ್ತಾ?"

"ತೆಗೆದಿತ್ತು. ಅಲ್ಲಿಯವರಿಗೆ ಕೆಲಸ ಬರಲ್ಲ. ಸಂಜೆಯೊಳಗೆ ನಾನೇ ಮುಗಿಸ್ತೀನಿ. ನಿಮ್ಮ ಮಗಳಿಗೆ ಮಾತ್ರ ಹೇಳಬೇಡಿ ಅತ್ತೆ. ಶೋರೂಮಲ್ಲೇ ಆಯ್ತು ಅಂತ ಇರಲಿ."

"ನಾನ್ಯಾಕೆ ಹೇಳಲಿ," ಎಂದರು ಅತ್ತೆ. "ಅವಳಾಗಿ ಕೇಳಿದ್ರೆ ಮಾತ್ರ ಹೇಳ್ತೀನಿ."

ಟೇಪಣ್ಣ ಚಾಪೆ ಹಾಸಿ ಲಾರಿಯ ಕೆಳಗೆ ಸೇರಿಕೊಂಡ. ಕೆಳಗೆ ಬಂದ ಮೇಲೆ ತಿಳಿಯಿತು, ಲಾರಿಯ ಹೊಟ್ಟೆಯಲ್ಲಿ ನಟ್ಟುಗಳು ಒಂದೆರಡಲ್ಲ. ಅವುಗಳಲ್ಲಿ ಮುಂದುಗಡೆ, ತಗ್ಗಿನಲ್ಲಿ, ದೊಡ್ಡದಾಗಿ, ಕೈಗೆ ಎಟುಕುವಂತೆ ಒಂದಿತ್ತು. ಇಷ್ಟು ಸುಲಭವಾಗಿ ಸಿಗುತ್ತದೆ ಎಂದರೆ ಬಿಚ್ಚಲೆಂದೇ ಇಟ್ಟಿದ್ದಾರೆ ಎಂದುಕೊಂಡು ಬಿಚ್ಚಿದ. ಬಿಸಿಬಿಸಿ ಎಣ್ಣೆ, ಕಾಡಿಗೆಯಂಥ ಕಪ್ಪು, ಕೆಳಗಿಟ್ಟ ದೊಡ್ಡ ಬೋಗುಣಿಗೆ ಗಳಗಳನೆ ಸುರಿಯಿತು.

"ಅಯ್ಯೋ, ಇಷ್ಟು ಕಪ್ಪಾ! ನೀವು ತಂದಿರೋದು ಕೆಂಪಗಿದೆಯಲ್ಲ?" ಎಂದರು ಜಗಲಿಯಿಂದ ಅತ್ತೆ.

"ಹಳೇದಾದ್ರೆ ಕಪ್ಪಾಗುತ್ತೆ ಅತ್ತೆ. ವಯಸ್ಸಾದ ಮೇಲೆ ಯಾರು ಕೆಂಪಗಿರ್ತಾರೆ?"

ಅತ್ತೆ ತಮ್ಮ ಕೈಯನ್ನೊಮ್ಮೆ ನೋಡಿಕೊಂಡರು.

ಎಣ್ಣೆ ಪೂರ್ತಿ ಇಳಿಯಿತು. ನಟ್ಟು ಬಿಗಿದು, ಅಡುಗೆಮನೆಯಿಂದ ಲೀಟರ್ ಅಳತೆ ತಂದು ಅಳೆಯಬೇಕು ಎನ್ನುವಷ್ಟರಲ್ಲಿ ಅಂಗಡಿಯಿಂದ ಫೋನು ಬಂತು. ಯಾರದೋ ಮನೆಯ ಪರದೆ ನೆಲ ಮುಟ್ಟುತ್ತಿಲ್ಲವಂತೆ, ಅಳತೆ ತಪ್ಪಿದೆಯಂತೆ. ಟೇಪಣ್ಣನಿಗೆ ಇದಕ್ಕಿಂತ ದೊಡ್ಡ ನಿಂದೆ ಇಲ್ಲ. ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ತಪ್ಪಿರುವುದು ತನ್ನ ಅಳತೆಯಲ್ಲ, ಅವರ ನೆಲ ಎಂಬುದನ್ನು ಸಾಬೀತು ಮಾಡುವಷ್ಟರಲ್ಲಿ ಗಂಟಲು ಒಣಗಿತು. ನೀರು ಕುಡಿದು ಹೊರಗೆ ಬಂದು ನೋಡುತ್ತಾನೆ, ಬೋಗುಣಿಯಲ್ಲಿ ಎಣ್ಣೆ ಅರ್ಧಕ್ಕಿಂತ ಕೆಳಗಿದೆ!

"ಅತ್ತೇ! ಎಣ್ಣೆ ಎಲ್ಲಿ?"

"ಅದಾ? ಎದುರುಮನೆ ಅಜ್ಜಿ ಗೇಟು ಕಿರುಗುಟ್ಟುತ್ತೆ ಅಂತ ಕೇಳಿದ್ಲು, ಕೊಟ್ಟೆ. ಮೀಟರಪ್ಪ ಬೇಲಿ ಕಂಬಕ್ಕೆ ಗೆದ್ದಲು ಹಿಡಿದಿದೆ ಅಂದ, ಕೊಟ್ಟೆ. ಆಮೇಲೆ ಯಾರೋ ಆಫೀಸಿನವನು ಬಂದು ಒಂದು ಬಾಟಲಿ ತುಂಬಿಸ್ಕೊಂಡ. ಪಾಪ, ಅವನು ಕೇಳಲೂ ಇಲ್ಲ."

"ಯಾಕತ್ತೆ ಕೊಟ್ರಿ?"

"ಹಳೇ ಎಣ್ಣೆ ಅಂದ್ರಲ್ಲ ನೀವೇ! ಬೀದಿಗೆ ಚೆಲ್ಲೋದನ್ನ ನಾಲ್ಕು ಜನಕ್ಕೆ ಕೊಟ್ರೆ ತಪ್ಪಾ?"

ಟೇಪಣ್ಣ ಬೋಗುಣಿಯ ಪಕ್ಕದಲ್ಲಿ ಕುಸಿದು ಕುಳಿತ. ಎಷ್ಟು ಇಳಿಯಿತೋ ಅಷ್ಟೇ ಹಾಕಬೇಕು. ಎಷ್ಟು ಇಳಿಯಿತು? ಒಂದು ಲೋಟ ಹೆಚ್ಚುಕಮ್ಮಿಯಾದರೂ ಕಷ್ಟ ಎಂದಿದ್ದಾನೆ. ಇಲ್ಲಿ ಬೀದಿಯೇ ಲೋಟ ಹಿಡಿದು ಬಂದುಹೋಗಿದೆ. ಗೋಡೆಯ ಗಡಿಯಾರ ಮೂರು ಹೊಡೆಯಿತು. ಅವನು ಲೀಟರ್ ಅಳತೆಯನ್ನು ಕಂಕುಳಲ್ಲಿಟ್ಟುಕೊಂಡು ಎದುರುಮನೆಗೆ ಓಡಿದ.

ಅಜ್ಜಿ ಗೇಟನ್ನು ತೆಗೆದು ಹಾಕಿ, ತೆಗೆದು ಹಾಕಿ ಆನಂದಪಡುತ್ತಿದ್ದರು. "ನೋಡು ಟೇಪಣ್ಣ, ಉಸಿರು ಬಿಡಲ್ಲ ಈಗ! ನನ್ನ ಸೊಸೆ ಎಷ್ಟು ಹೊತ್ತಿಗೆ ಮನೆಗೆ ಬರ್ತಾಳೆ ಅಂತ ಇದರ ಸದ್ದಿನಿಂದಲೇ ಗೊತ್ತಾಗ್ತಿತ್ತು. ಇನ್ನು ಗೊತ್ತಾಗಲ್ಲ. ಅದೊಂದೇ ಕೊರತೆ."

"ಅಜ್ಜೀ, ಎಷ್ಟು ಎಣ್ಣೆ ತಂದ್ರಿ?"

"ಒಂದು ಚೊಂಬು."

"ಉಳಿದದ್ದು ಎಲ್ಲಿ?"

"ಉಳಿಯೋದೇನು? ಗೇಟಿಗೆ ಹಾಕ್ದೆ, ಕಿಟಕಿಗಳಿಗೆ ಹಾಕ್ದೆ, ಬಾವಿ ರಾಟೆಗೆ ಹಾಕ್ದೆ, ಹೊಲಿಗೆ ಮಿಶನ್ನಿಗೆ ಹಾಕ್ದೆ. ಮೊಣಕಾಲಿಗೂ ಸ್ವಲ್ಪ ಹಚ್ಕೊಂಡೆ, ಅದೂ ಕಿರುಗುಟ್ಟುತ್ತಿತ್ತು."

"ಚೊಂಬು ತುಂಬಾ ಇತ್ತಾ, ಕತ್ತಿನವರೆಗೆ ಇತ್ತಾ?"

"ನಿನಗೇನು ಬಂತೋ? ಕೊಟ್ಟ ಎಣ್ಣೆ ವಾಪಸ್ ಕೇಳ್ತೀಯಾ?" ಅಜ್ಜಿಯ ದನಿ ಏರಿತು. "ನಿಮ್ಮತ್ತೆಗೆ ಇರೋ ಕೈ ನಿನಗಿಲ್ಲ ನೋಡು!"

ಟೇಪಣ್ಣ ಚೊಂಬು ತೆಗೆದುಕೊಂಡು ನೀರು ತುಂಬಿಸಿ ಅಳೆದ. ಒಳಗಿನ ಕಪ್ಪು ಗೆರೆ ಕತ್ತಿನ ಕೆಳಗೆ ಎರಡು ಬೆರಳಿನಲ್ಲಿತ್ತು. ಬರೆದುಕೊಂಡ. ಗೆದ್ದವನಂತೆ ಮುಂದಿನ ಮನೆಗೆ ನಡೆದ.

ಮೀಟರಪ್ಪ ಎಂದರೆ ನೀರಿನ ಮೀಟರ್ ಓದುವ ಕೆಲಸದಿಂದ ನಿವೃತ್ತನಾದವನು. ಬೇಲಿಯ ಕಂಬಗಳಿಗೆ ಬ್ರಷ್ಷಿನಲ್ಲಿ ಎಣ್ಣೆ ಬಳಿಯುತ್ತಿದ್ದ. ಅಳತೆಯ ಮನುಷ್ಯ ಸಿಕ್ಕನಲ್ಲ ಎಂದು ಟೇಪಣ್ಣನಿಗೆ ಜೀವ ಬಂತು. ಪ್ರಶ್ನೆ ಕೇಳಿದ ಕೂಡಲೇ ಮೀಟರಪ್ಪ ಕಣ್ಣು ಮುಚ್ಚಿ, "ಎರಡು ಕಾಲು ಲೀಟರ್," ಎಂದ.

"ಅಳೆದ್ರಾ?"

"ಅಳೆಯೋದೇನಪ್ಪಾ? ಸರಾಸರಿ. ಮನೆ ಬೀಗ ಹಾಕಿದ್ರೆ ಹಿಂದಿನ ತಿಂಗಳದ್ದು ನೋಡಿ ಸರಾಸರಿ ಬರೀತಿದ್ದೆ. ಇಡೀ ಜೀವಮಾನ ಒಬ್ಬನೂ ತಕರಾರು ಮಾಡಿಲ್ಲ."

"ಮನೇಲಿ ಇಲ್ಲದವನು ಹೇಗೆ ಸ್ವಾಮಿ ತಕರಾರು ಮಾಡ್ತಾನೆ? ನಂಗೆ ನಿಜವಾದ ಅಳತೆ ಬೇಕು!"

"ನಿಜವಾದ ಅಳತೆ ಅಂತ ಒಂದಿರುತ್ತೆ ಅಂತ ನೀನಂದ್ಕೊಂಡಿದ್ದೀಯಲ್ಲ, ಅದು ನಿನ್ನ ವಯಸ್ಸಿನ ತಪ್ಪು," ಎಂದು ಮೀಟರಪ್ಪ ಮತ್ತೆ ಬ್ರಷ್ ಅದ್ದಿದ. ಟೇಪಣ್ಣ ಅವನ ಬಕೆಟ್ಟಿಗೆ ಟೇಪು ಇಳಿಬಿಟ್ಟು ಉಳಿದದ್ದನ್ನು ಅಳೆದ. ಬಳಿದ ಕಂಬಗಳ ಉದ್ದ ಸುತ್ತಳತೆ ತೆಗೆದು, ಒಂದು ಕಂಬ ಎಷ್ಟು ಕುಡಿದಿರಬಹುದು ಎಂದು ಲೆಕ್ಕ ಹಾಕಿದ. ಒಂದು ಕಂಬಕ್ಕೆ ಮೀಟರಪ್ಪ ಎರಡು ಕೈ ಬಳಿದಿದ್ದನಂತೆ. ಯಾವುದೆಂದು ನೆನಪಿಲ್ಲವಂತೆ. ಟೇಪಣ್ಣ ಕಂಬಗಳನ್ನೆಲ್ಲ ಮೂಸಿ ನೋಡಿ ಪತ್ತೆ ಮಾಡಿದ.

ಅಷ್ಟರಲ್ಲಿ ನಾಲ್ಕು ದಾಟಿತ್ತು. ಆಫೀಸಿನವನು ಬೀದಿಯ ಕೊನೆಯಲ್ಲಿ, ಚರಂಡಿಯ ಪಕ್ಕ, ಸ್ಕೂಟರಿನ ಸೀಟನ್ನೇ ಮೇಜು ಮಾಡಿಕೊಂಡು ಬರೆಯುತ್ತಿದ್ದ. ಅವನು ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್. ಬಾಟಲಿ ಅವನ ಮುಂದಿತ್ತು. ಬಾಯಿಗೆ ಬಟ್ಟೆ, ಬಟ್ಟೆಗೆ ದಾರ, ದಾರಕ್ಕೆ ಅರಗಿನ ಮುದ್ರೆ.

"ಸಾರ್, ಆ ಬಾಟಲಿ ಒಂದು ನಿಮಿಷ ಕೊಡ್ತೀರಾ?"

"ಇದು ಬಾಟಲಿ ಅಲ್ಲ, ಸಾಕ್ಷ್ಯ. ಬೀದೀಲಿ ಎಣ್ಣೆ ಇಳಿಸಿದವರು ನೀವೇನಾ?"

"ಚರಂಡಿಗೆ ಒಂದು ಹನಿ ಹೋಗಿಲ್ಲ ಸಾರ್. ಎಲ್ಲ ಜನರ ಮನೆಗೇ ಹೋಗಿರೋದು. ಬಾಟಲೀಲಿ ಎಷ್ಟಿದೆ ಅಂತ ಹೇಳಿದ್ರೆ ಸಾಕು."

"ಸಾಕ್ಷ್ಯದ ವಿವರ ಆರೋಪಿಗೆ ಹೇಳೋ ಹಾಗಿಲ್ಲ."

"ಹೇಳಬೇಡಿ. ಬಿಸಿಲಿಗೆ ಹಿಡೀರಿ, ನಾನೇ ನೋಡ್ಕೋತೀನಿ."

ಇನ್ಸ್‌ಪೆಕ್ಟರ್ ಇಲಾಖೆಯಲ್ಲಿ ಬಹಳ ವರ್ಷ ಇದ್ದವನು. ತಪ್ಪು ಮಾಡಿಲ್ಲ ಎನ್ನುವವರನ್ನು, ಅಳುವವರನ್ನು, ಮಂತ್ರಿಗಳ ಹೆಸರು ಹೇಳುವವರನ್ನು ನೋಡಿದ್ದ. ತನ್ನ ವಿರುದ್ಧದ ಸಾಕ್ಷ್ಯ ಸರಿಯಾದ ಅಳತೆಯಲ್ಲಿರಲಿ ಎಂದು ಬೇಡುವವನನ್ನು ಇದೇ ಮೊದಲು ನೋಡಿದ. ಬಾಟಲಿಯನ್ನು ಬಿಸಿಲಿಗೆ ಹಿಡಿದ. ಟೇಪಣ್ಣ ಟೇಪಿಟ್ಟು ಅಳೆಯುವಾಗ ಅದರ ಮೇಲೆ ಅಂಟಿಸಿದ ಚೀಟಿ ಕಂಡಿತು. 'ಹಳೆಯ ಇಂಜಿನ್ ಎಣ್ಣೆ' ಎಂದು ಬರೆದಿತ್ತು.

"ಸಾರ್, ಇದು ತಪ್ಪು. ಇಂಜಿನ್ ಎಣ್ಣೆ ಅಲ್ಲ, ಗೇರ್ ಎಣ್ಣೆ."

"ಏನ್ರೀ ನೀವು? ಗ್ಯಾರೇಜಿನ ಚರಂಡಿಗಳಲ್ಲಿ ದಿನಾ ನೋಡ್ತೀನಿ. ಈ ಬಣ್ಣ, ಈ ವಾಸನೆ, ಇಂಜಿನ್ನಿನದೇ."

"ನಿಮಗೆ ಚರಂಡಿ ಗೊತ್ತು ಸಾರ್, ಒಪ್ಪಿದೆ. ಎಣ್ಣೆ ಇಳಿಸಿದವನು ನಾನು. ಸರ್ಕಾರಿ ಕಾಗದದಲ್ಲಿ ಸುಳ್ಳು ಬರೀಬಾರದು."

ಇನ್ಸ್‌ಪೆಕ್ಟರ್ ಅವನ ಮುಖವನ್ನೇ ನೋಡಿದ. ಆಮೇಲೆ 'ಇಂಜಿನ್' ಎಂಬುದನ್ನು ಹೊಡೆದುಹಾಕಿ, 'ಗೇರ್, ಆರೋಪಿಯ ಹೇಳಿಕೆಯಂತೆ' ಎಂದು ತಿದ್ದಿ, ಕೆಳಗೆ ಟೇಪಣ್ಣನ ಸಹಿಯನ್ನೂ ಹಾಕಿಸಿಕೊಂಡ. ಸತ್ಯ ಒಮ್ಮೊಮ್ಮೆ ಬಾಗಿಲಿಗೇ ಬಂದು ತಟ್ಟುತ್ತದೆ. ಮನೆಯವನು ಒಳಗಿನಿಂದ ಚಿಲಕ ಹಾಕಿ ಸಹಿ ಬೇರೆ ಮಾಡಿ ಕಳಿಸುತ್ತಾನೆ.

ಮನೆಗೆ ಬಂದವನೇ ಟೇಪಣ್ಣ ಎಲ್ಲ ಕೂಡಿಸಿದ. ಚೊಂಬು, ಬಕೆಟ್ಟು, ಕಂಬ, ಸಾಕ್ಷ್ಯ, ಬೋಗುಣಿಯಲ್ಲಿ ಉಳಿದದ್ದು, ಚಾಪೆ ಕುಡಿದದ್ದು, ಅಜ್ಜಿಯ ಮೊಣಕಾಲು. ಆರು ಲೀಟರಿಗೆ ಒಂದು ಲೋಟ ಮೇಲೆ. ಬಾನೆಟ್ ಎತ್ತಿದ. 'ಗೇರ್' ಎಂದು ಬರೆದ ಕೊಳವೆಯ ಮುಚ್ಚಳ ತೆಗೆದು, ಲಾಳಿಕೆ ಇಟ್ಟು, ಕೆಂಪು ಎಣ್ಣೆ ಸುರಿದ. ಆರು ಲೀಟರು ಮತ್ತು ಒಂದು ಲೋಟ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿಯಿಲ್ಲ.

ಮುಚ್ಚಳಕ್ಕೆ ಅಂಟಿಕೊಂಡೇ ಎಣ್ಣೆಯ ಮಟ್ಟ ನೋಡುವ ಉದ್ದನೆಯ ಕಡ್ಡಿಯೊಂದಿತ್ತು. ಅದರ ತುದಿಯಲ್ಲಿ ಎರಡು ಗೆರೆ. ಎಣ್ಣೆ ಆ ಗೆರೆಗಳ ನಡುವೆ ಇರಬೇಕು. ಟೇಪಣ್ಣ ಅದ್ದಿ ತೆಗೆದು ನೋಡಿದ. ಎಣ್ಣೆ ಗೆರೆಗಳನ್ನು ಮುಳುಗಿಸಿ ಒಂದು ಗೇಣು ಮೇಲಕ್ಕೆ ಬಂದಿತ್ತು. ಒರೆಸಿ ಮತ್ತೆ ಅದ್ದಿದ. ಈ ಸಲವೂ ಗೇಣು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಟೇಪಣ್ಣ ಕಡ್ಡಿ ಡೊಂಕು ಎಂದ. ಕಡ್ಡಿ ಮಾಡಿದವರು ಅದೇ ಕಂಪನಿಯವರು. ಅವರ ಅಳತೆ ಅವರಿಗೆ, ತನ್ನ ಅಳತೆ ತನಗೆ. ಕಡ್ಡಿಯನ್ನು ಒಳಗೆ ತುರುಕಿ, ಬಾನೆಟ್ ಹಾಕಿ, ಚಾಪೆ ಸುತ್ತಿ, ಬೋಗುಣಿಯನ್ನು ಹಿತ್ತಲಿಗೆ ಎಳೆಯುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ಹೆಂಡತಿ ಕಂಡಳು. ಕೂದಲ ತುಂಬಾ ಮರದ ಪುಡಿ, ಬಿರುಸಾದ ನಡಿಗೆ.

"ಆಯ್ತೇನ್ರೀ?"

"ಹೂಂ. ಆಯ್ತು."

"ಏನಂದ್ರು ಶೋರೂಮಿನವರು?"

"ಎಷ್ಟು ಇಳಿಯುತ್ತೋ ಅಷ್ಟೇ ಹಾಕ್ಬೇಕು ಅಂದ್ರು." ಅದು ಸುಳ್ಳಲ್ಲವಲ್ಲ.

ಹೆಂಡತಿ ಅವನ ಮೊಣಕೈಯ ಕಪ್ಪನ್ನು ನೋಡಿದಳು. ಕೇಳಲು ಪುರುಸೊತ್ತಿರಲಿಲ್ಲ. "ಕೀ ಕೊಡಿ. ಕಪಾಟುಗಳನ್ನೆಲ್ಲ ಬೀದಿಗೆ ಇಳಿಸಿ ಬಂದಿದ್ದೀನಿ. ಮೋಡ ನೋಡಿ ಹೇಗಿದೆ! ಪಾಲಿಶ್ ಮೇಲೆ ನಾಲ್ಕು ಹನಿ ಬಿದ್ರೆ ಮುಗೀತು ಕಥೆ."

ಅವಳು ಹತ್ತಿ ಕುಳಿತು ಬಾಗಿಲು ಎಳೆದುಕೊಂಡಳು. ಎದುರುಗಡೆ ಅಜ್ಜಿ ಸದ್ದಿಲ್ಲದ ಗೇಟು ತೆಗೆದು ಹೊರಗೆ ಬಂದರು. ಮೀಟರಪ್ಪ ಬ್ರಷ್ ಹಿಡಿದೇ ನಿಂತ. ಅತ್ತೆ ಜಗಲಿಯ ಕಂಬ ಹಿಡಿದುಕೊಂಡರು. ಟೇಪಣ್ಣನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಸಾರ್, ಶೋರೂಮಿಂದ. ಬೆಳಿಗ್ಗೆ ನೀವು ಪೂರ್ತಿ ಕೇಳದೆ ಹೋಗಿಬಿಟ್ರಿ, ಆಗಿಂದ ನನ್ನ ಮನಸ್ಸು ಅಲ್ಲೇ ಇದೆ. ಎಣ್ಣೆ ಇಳಿಸಿದ್ರಾ?"

"ಇಳಿಸಿದೆ, ಹಾಕಿದೆ. ಹನಿ ತಪ್ಪಿಲ್ಲ," ಎಂದು ಟೇಪಣ್ಣ ಪಿಸುಗುಟ್ಟಿದ.

"ಒಳ್ಳೇದು ಸಾರ್. ಇಳಿದಿದ್ದು ಯಾವ ಬಣ್ಣ ಇತ್ತು? ಕೆಂಪಾ, ಕಂದಾ?"

"ಕಪ್ಪು."

"ನೀವು ಬಿಚ್ಚಿದ ನಟ್ಟು ಮುಂದುಗಡೇದೋ, ಹಿಂದುಗಡೇದೋ?"

"ಮುಂದುಗಡೇದು. ಕೈಗೆ ಸಿಕ್ಕಿದ್ದು."

"ಸಾರ್! ಅದು ಇಂಜಿನ್ನು! ಇಂಜಿನ್ನಿನ ಎಣ್ಣೆ ಇಳಿಸಿ ಗೇರಿಗೆ ಹಾಕಿದ್ದೀರಿ! ಅದು ಬರಿದು, ಇದು ಡಬಲ್ಲು! ಸ್ಟಾರ್ಟ್ ಮಾಡಬೇಡಿ! ಎಣ್ಣೆ ಇಲ್ಲದೆ ಓಡಿದ್ರೆ ಇಂಜಿನ್ ಹಿಡ್ಕೊಂಡ್ಬಿಡುತ್ತೆ! ಸಾರ್? ಸಾರ್!"

ಲಾರಿಯೊಳಗೆ ಹೆಂಡತಿಯ ಕೈ ಕೀಲಿಯ ಮೇಲಿತ್ತು.

ಕೂಗಿದರೆ ಬೀದಿಯ ಮುಂದೆ ಮಾನ ಹೋಗುತ್ತದೆ. ಕೂಗದಿದ್ದರೆ ಇಂಜಿನ್ನು ಹೋಗುತ್ತದೆ, ಕಪಾಟು ಹೋಗುತ್ತದೆ, ಹೆಂಡತಿಯ ಇಷ್ಟು ವರ್ಷದ ಕನಸು ಹೋಗುತ್ತದೆ. ಅಳೆಯಲು ಹೊತ್ತಿರಲಿಲ್ಲ. ಬದುಕಿನಲ್ಲಿ ಮೊದಲ ಬಾರಿಗೆ ಟೇಪಣ್ಣ ಅಳೆಯದೆ ಒಂದು ಕೆಲಸ ಮಾಡಿದ. "ಬೇಡಾ!" ಎಂದು ಅರಚಿದ.

ದಿನವಿಡೀ ಮರ ಕೊಯ್ಯುವ ಯಂತ್ರದ ಪಕ್ಕದಲ್ಲಿದ್ದ ಕಿವಿ, ಮೇಲೆ ಮುಚ್ಚಿದ ಕಿಟಕಿ. ಅವಳಿಗೆ ಕೇಳಿಸಲಿಲ್ಲ. ಕೀಲಿ ಒಂದು ಹೆಜ್ಜೆ ತಿರುಗಿತು. ಮುಂದಿನ ಫಲಕದಲ್ಲಿ ಕೆಂಪು ದೀಪ ಹತ್ತಿತು. ಟೇಪಣ್ಣ ಓಡಿದ, ಬಂಪರಿನ ಮೇಲೆ ಕಾಲಿಟ್ಟ, ಬಾನೆಟ್ಟಿನ ಮೇಲೆ ಹಾರಿದ, ಎರಡೂ ಕೈ ಅಗಲಿಸಿ ಮುಂದಿನ ಗಾಜಿಗೆ ಪರದೆಯಂತೆ ಅಂಟಿಕೊಂಡ.

ಹೆಂಡತಿ ತಲೆಯೆತ್ತಿದಳು. ಗಾಜಿನ ತುಂಬಾ ಗಂಡ. ಮೂಗು ಚಪ್ಪಟೆ, ಬಾಯಿ ತೆರೆದಿದೆ, ಕಣ್ಣಲ್ಲಿ ನೀರು. ಈ ಬದಿಯಿಂದ ಆ ಬದಿಗೆ ಅಳತೆ ಸರಿಯಾಗಿ ಕೂತಿತ್ತು. ಅವಳು ಮೆಲ್ಲಗೆ ಕೀಲಿಯನ್ನು ಹಿಂದಕ್ಕೆ ತಿರುಗಿಸಿ, ಹೊರಗೆ ತೆಗೆದು, ಇಳಿದು ಬಂದಳು.

ಬಾನೆಟ್ಟಿನ ಮೇಲೆ ಮಲಗಿಕೊಂಡೇ ಟೇಪಣ್ಣ ಎಲ್ಲವನ್ನೂ ಹೇಳಿದ. ಸೋಫಾದಿಂದ ಸಾಕ್ಷ್ಯದವರೆಗೆ. ಬೀದಿ ಕೇಳಿತು.

"ಹಾಗಾದ್ರೆ ಇಂಜಿನ್ನಲ್ಲಿ ಏನಿದೆ?" ಎಂದಳು ಹೆಂಡತಿ.

"ಏನೂ ಇಲ್ಲ."

"ಗೇರಲ್ಲಿ?"

"ಎಲ್ಲ ಇದೆ."

"ನನ್ನ ಮೊಣಕಾಲಿಗೆ ಹಚ್ಕೊಂಡಿದ್ದು ಇಂಜಿನ್ನಿಂದಾ?" ಎಂದರು ಅಜ್ಜಿ. "ಅದಕ್ಕೇ ಅಂತೀನಿ, ಮಧ್ಯಾಹ್ನದಿಂದ ಓಡಬೇಕು ಅನ್ನಿಸ್ತಿದೆ."

"ಅಮ್ಮಾ, ನಿಂಗೆ ಗೊತ್ತಿತ್ತಾ?" ಎಂದು ಹೆಂಡತಿ ತಾಯಿಯ ಕಡೆ ತಿರುಗಿದಳು.

"ನೀನು ಕೇಳಲಿಲ್ಲವಲ್ಲಮ್ಮ," ಎಂದರು ಅತ್ತೆ.

ಹೆಂಡತಿ ಗಂಡನ ಕೈಯಿಂದ ಫೋನು ತೆಗೆದುಕೊಂಡಳು. ಅದು ಇನ್ನೂ 'ಸಾರ್, ಸಾರ್' ಎನ್ನುತ್ತಿತ್ತು. "ನೋಡಿ, ನಾಳೆ ಬೆಳಿಗ್ಗೆ ಈ ಲಾರಿ ದಿಬ್ಬ ಹತ್ತಲೇಬೇಕು. ನಿಮ್ಮಲ್ಲಿಗೆ ಎಳ್ಕೊಂಡು ಬರೋಷ್ಟು ಹೊತ್ತಿಲ್ಲ."

"ನಾವು ಮನೆಗೆ ಬಂದು ಸರ್ವಿಸ್ ಮಾಡಲ್ಲ ಮೇಡಂ. ಕಂಪನಿ ರೂಲು."

"ಸರ್ವಿಸಿಗೆ ಬರಬೇಡಿ. ಬೆಳಿಗ್ಗೆ ನೀವು 'ಅಲ್ದೆ' ಅಂದಿರಂತಲ್ಲ, ಆ ಮಾತು ಅರ್ಧಕ್ಕೇ ನಿಂತಿದೆ. ಇಲ್ಲಿಗೆ ಬಂದು ಅದನ್ನ ಪೂರ್ತಿ ಮಾಡಿ. ಬರೋವಾಗ ಇಂಜಿನ್ ಎಣ್ಣೆ ಹಿಡ್ಕೊಂಡು ಬನ್ನಿ."

ಇನ್‌ಚಾರ್ಜ್ ಬಂದ. ಡ್ಯೂಟಿ ಬಟ್ಟೆ ಬಿಚ್ಚಿಟ್ಟು, ಮನೆಬಟ್ಟೆಯಲ್ಲಿ, ಸ್ಕೂಟರಿನ ಎರಡು ಕಡೆ ಡಬ್ಬ ನೇತುಹಾಕಿಕೊಂಡು ಬಂದ. ಅಷ್ಟರೊಳಗೆ ಹೆಂಡತಿ ಫೋನಿನಲ್ಲೇ ಕಾರ್ಖಾನೆಯವರಿಗೆ ಹೇಳಿ ಕಪಾಟುಗಳನ್ನು ಒಳಗೆ ಸೇರಿಸಿದ್ದಳು. ನಾಲ್ಕು ಹನಿ ಬಿದ್ದದ್ದು ಆಮೇಲೆ. ಇನ್‌ಚಾರ್ಜ್ ಲಾರಿಯ ಕೆಳಗೆ ನುಸುಳಿ ಹಿಂದಿನ ನಟ್ಟಿಗೆ ಸ್ಪ್ಯಾನರ್ ಹಾಕುವಾಗ, "ಬನ್ನಿ ಸಾರ್ ಒಳಗೆ, ಪಕ್ಕದಲ್ಲೇ ಮಲಗಿ ನೋಡಿ," ಎಂದ. ಅದರಲ್ಲಿ ಕುಹಕ ಇರಲಿಲ್ಲ. ಟೇಪಣ್ಣನಿಗೆ ಬೆಳಿಗ್ಗೆ ಬೇಕಾಗಿದ್ದದ್ದು ಇಷ್ಟೇ. ಸಂಜೆ ಸಿಕ್ಕಿತು. ನಡುವೆ ಒಂದು ದಿನ ಹಾಳಾಗಿತ್ತು.

ನಟ್ಟು ಬಿಚ್ಚಿದ್ದೇ ತಡ, ಎಣ್ಣೆ ಕಟ್ಟೆ ಒಡೆದಂತೆ ನುಗ್ಗಿತು. ಬೋಗುಣಿ ತುಂಬಿತು, ಬಕೆಟ್ಟು ತುಂಬಿತು, ಅಜ್ಜಿ ಓಡಿ ಹೋಗಿ ಚೊಂಬು ತಂದರು. ಈ ಸಲ ಬಂದದ್ದು ಕೆಂಪು ಬೆರೆತ ಕಂದು. ಇನ್‌ಚಾರ್ಜ್ ಇಂಜಿನ್ನಿಗೆ ಅದರ ಎಣ್ಣೆ ಹಾಕಿದ. ಗೇರಿಗೆ ಹೊಸದನ್ನು ಹಾಕುವ ಮೊದಲು ಮುಚ್ಚಳದ ಕಡ್ಡಿಯನ್ನು ಎಳೆದು ಟೇಪಣ್ಣನ ಕೈಗೆ ಕೊಟ್ಟ. "ಅಲ್ದೆ, ಕೊನೆಗೆ ಕಡ್ಡಿ ಹೇಳಿದ ಹಾಗೆ ಕೇಳ್ಬೇಕು ಅಂತ ಹೇಳೋದಿತ್ತು ಸಾರ್. ಇಂಜಿನ್ ಓಡ್ತಾ ಇರುವಾಗ, ಎಣ್ಣೆ ಬಿಸಿಯಾದ ಮೇಲೆ ನೋಡ್ಬೇಕು. ನೀವು ನೋಡಲಿಲ್ವಾ?"

"ನೋಡಿದೆ."

"ಏನು ಹೇಳ್ತು?"

"ನಿಜ ಹೇಳ್ತು," ಎಂದ ಟೇಪಣ್ಣ.

ಮರುದಿನ ಬೆಳ್ಳಂಬೆಳಿಗ್ಗೆಯೇ ಲಾರಿ ಕಪಾಟುಗಳನ್ನು ಹೊತ್ತು ದಿಬ್ಬದ ಬುಡಕ್ಕೆ ಬಂತು. ಹೆಂಡತಿ ಸ್ಟಿಯರಿಂಗ್ ಹಿಡಿದಿದ್ದಳು. ಟೇಪಣ್ಣ ಹಿಂದೆ ಕಪಾಟುಗಳ ನಡುವೆ, ಹಗ್ಗ ಹಿಡಿದು ನಿಂತಿದ್ದ. ಅಲ್ಲೇ ನಿಲ್ಲಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮೊದಲ ಗೇರು. ಎರಡನೇ ಗೇರು. ತಿರುವು ಬಂತು. ಲಾರಿ ಉಸಿರು ಎಳೆದುಕೊಂಡಿತು. ಟೇಪಣ್ಣ ಕಣ್ಣು ಮುಚ್ಚಿ ಹತ್ತಿರದ ಕಪಾಟನ್ನು ತಬ್ಬಿಕೊಂಡ.

ಎಲ್ಲಿ ಎರಡು ಮುಗಿಯಿತು, ಎಲ್ಲಿ ಮೂರು ಶುರುವಾಯಿತು ಎಂದು ತಿಳಿಯಲೇ ಇಲ್ಲ. ಕಣ್ಣು ತೆರೆದಾಗ ಗ್ರಂಥಾಲಯದ ಮೆಟ್ಟಿಲು ಎದುರಿಗಿತ್ತು.

ಕಪಾಟುಗಳು ಒಳಗೆ ಹೋಗಿ ಗೋಡೆಗೆ ಒರಗಿ ನಿಂತವು. ಅಧ್ಯಕ್ಷರು ಕುಂಟುತ್ತಾ ಬಂದು ದೂರದಿಂದಲೇ ನೋಡಿ ತಲೆಯಾಡಿಸಿದರು. ಈ ಸಲ ಹತ್ತಲಿಲ್ಲ. ಗ್ರಂಥಪಾಲಕಿ ಪುಸ್ತಕ ಜೋಡಿಸುತ್ತಾ ಒಂದು ಕ್ಷಣ ನಿಂತು, ಕಿಟಕಿಗಳಿಂದ ಒಳಗೆ ಬಿದ್ದ ಬಿಸಿಲನ್ನು ನೋಡಿ ಮುಖ ಸಿಂಡರಿಸಿದಳು. "ಪುಸ್ತಕ ಎಲ್ಲ ಬಣ್ಣಗೆಡುತ್ತೆ. ಪರದೆ ಹಾಕಿಸಬೇಕಿತ್ತು. ಸರಿಯಾಗಿ ಅಳತೆ ತೆಗೆಯೋರು ಯಾರಾದ್ರೂ ಗೊತ್ತಾ ನಿಮಗೆ?"

ಬಾಗಿಲ ಬಳಿ ನಿಂತಿದ್ದ ಟೇಪಣ್ಣನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಅರ್ಧದಲ್ಲೇ ನಿಂತು, ಹೆಂಡತಿಯ ಮುಖ ನೋಡಿತು.

ಹೆಂಡತಿ ಕೂದಲಿನ ಮರದ ಪುಡಿ ಕೊಡವಿಕೊಂಡಳು. "ನಮ್ಮ ಮನೆಯವರೇ ಇದ್ದಾರಲ್ಲ. ಅಳತೆ ಒಂದು ನೂಲೂ ತಪ್ಪಲ್ಲ," ಎಂದಳು. "ಯಾವ ಕಿಟಕಿ ಅನ್ನೋದನ್ನ ಮಾತ್ರ ಬೆರಳಿಟ್ಟು ತೋರಿಸಿಬಿಡಿ."